ಟವಲಿನೊಳಗೆ ಕೈ ಹಾಕಿದವಳು

ನಮ್ಮ ಸೀಮೆಯ ಕೊಬ್ಬರಿ ಮಂಡಿಯಲ್ಲಿ ಆಗ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರೈತನ ಪರವಾಗಿ ಒಬ್ಬ ದಲ್ಲಾಳಿ, ಎದುರಿಗೆ ಖರೀದಿದಾರ, ಇಬ್ಬರ ಕೈಗಳ ಮೇಲೆ ಒಂದು ಟವಲು. ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ಬೆಲೆ ಕುದುರಿಸುತ್ತಿದ್ದರು. ಸರ್ಕಾರದ ನಿಯಮದ ಪ್ರಕಾರ ಬೆಲೆಯನ್ನು ಎಲ್ಲರೆದುರು ಕೂಗಬೇಕು, ಮಾರುಕಟ್ಟೆ ಮೇಲ್ವಿಚಾರಕ ಅಲ್ಲೇ ನಿಂತು ಬರೆದುಕೊಳ್ಳಬೇಕು. ಹಳಬರು ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದರು. ಮೇಲ್ವಿಚಾರಕನೂ ಟವಲಿನೊಳಗೆ ಕೈ ತೂರಿಸಿ, ಕೊನೆಯ ಹಿಡಿತವನ್ನು ಮುಟ್ಟಿ ನೋಡಿ ಬರೆದುಕೊಳ್ಳುತ್ತಿದ್ದ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ಮೇಲ್ವಿಚಾರಕನ ಕೆಲಸಕ್ಕೆ ನಾನು ಬಂದೆ. ಯಾವ ಮಂಡಿ ಎಂದು ಹೇಳುವುದಿಲ್ಲ, ಹೇಳಿದರೆ ಈಗಲೂ ಜಗಳಕ್ಕೆ ಬರುವವರಿದ್ದಾರೆ. ಅರಸೀಕೆರೆಯಲ್ಲಿ ಅಮ್ಮನ ಜೊತೆ ಬಾಡಿಗೆ ಮನೆ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಪರೀಕ್ಷೆ ಬರೆದು, ಯಾರ ಶಿಫಾರಸೂ ಇಲ್ಲದೆ ಸಿಕ್ಕ ಕೆಲಸ ಅದು. ಪ್ರೊಬೇಷನ್ ಮುಗಿದು ಖಾಯಂ ಆದರೆ ಅಪ್ಪನಿಲ್ಲದ ನಮ್ಮಿಬ್ಬರಿಗೂ ಒಂದು ನೆಲೆ. ಆಗದಿದ್ದರೆ ಅಮ್ಮ ಮತ್ತೆ ಸೋದರಮಾವನ ಮನೆಯ ಹಿತ್ತಿಲ ಕೋಣೆಗೆ, ನಾನು ಅವರು ತೋರಿಸಿದ ಗಂಡಿಗೆ. ಇದನ್ನು ಮನೆಯಲ್ಲಿ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ಮೊದಲ ದಿನವೇ ಮಂಡಿಯ ಹಿರಿಯ ದಲ್ಲಾಳಿಯೊಬ್ಬರು ಕೈಮುಗಿದುಕೊಂಡು ಬಂದರು.

"ಅವ್ವಾ, ನೀನು ನಮ್ ಮಗಳಿದ್ದಂಗೆ. ಹೆಣ್ಮಗಳು ಗಂಡಸ್ರ ಕೈ ಮುಟ್ಟಾದು ಚೆಂದಾಗಿರಕಿಲ್ಲ. ಅಗೋ, ಅಲ್ಲಿ ಕುರ್ಚಿ ಹಾಕ್ಸಿವ್ನಿ, ಫ್ಯಾನೂ ಐತೆ. ರೇಟು ನಾವೇ ಬಂದು ಹೇಳ್ತೀವಿ, ಬರ್ಕೊಂಡ್ರಾಯ್ತು."

ನನಗೆ ಮೈ ಉರಿದುಹೋಯಿತು. ಮುಟ್ಟಬಾರದಂತೆ! ಸಂಜೆಯ ಬಸ್ಸಿನಲ್ಲಿ ಇದೇ ಮಂಡಿಯ ಗಂಡಸರು ಜಾಗವಿದ್ದರೂ ಮೈಮೇಲೆ ಬಿದ್ದುಕೊಂಡು ನಿಲ್ಲುತ್ತಿದ್ದರಲ್ಲ, ಆಗ ಈ ಮರ್ಯಾದೆ ಯಾವ ಗೂಟಕ್ಕೆ ನೇತುಬಿದ್ದಿರುತ್ತಿತ್ತೋ. ನಮ್ಮ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಕಡತದಿಂದ ತಲೆ ಎತ್ತದೆ, "ಕುರ್ಚಿ ಕೊಟ್ಟಿದ್ದಾರೆ, ಕೂತ್ಕೊಳಮ್ಮ. ನಿನಗೇನು ಕಷ್ಟ?" ಎಂದರು. ಹೋಗಿ ಕೂತೆ.

ಕಷ್ಟ ಏನೆಂದು ತೋರಿಸಿಕೊಟ್ಟವಳು ಜಾವಗಲ್ ಕಡೆಯ ಒಬ್ಬ ಹೆಂಗಸು. ಗಂಡ ಸತ್ತ ಮೇಲೆ ತೆಂಗಿನ ತೋಟವನ್ನು ತಾನೇ ನೋಡಿಕೊಳ್ಳುತ್ತಿದ್ದಳು, ಗಾಡಿಯ ಜೊತೆ ತಾನೇ ಮಂಡಿಗೆ ಬರುತ್ತಿದ್ದಳು. ಅವತ್ತು ಅವಳ ರಾಶಿಯ ವ್ಯಾಪಾರ ಮುಗಿಸಿ ದಲ್ಲಾಳಿ ನನ್ನ ಹತ್ತಿರ ಒಂದು ಬೆಲೆ ಬರೆಸಿ ಹೋದ. ತೂಕದ ಹತ್ತಿರ ಖರೀದಿದಾರನ ಕಡೆಯ ಆಳು ಬಾಯಿತಪ್ಪಿ ಅದಕ್ಕಿಂತ ಹೆಚ್ಚಿನ ಬೆಲೆ ಹೇಳಿಬಿಟ್ಟ. ನಡುವಿನದು ದಲ್ಲಾಳಿಯ ಜೇಬಿಗೆ. ಅವಳು ದಲ್ಲಾಳಿಯನ್ನು ಬಿಟ್ಟು ನೇರ ನನ್ನ ಫ್ಯಾನಿನ ಕೆಳಗೆ ಬಂದು ನಿಂತಳು.

"ಹೆಂಗ್ಸು ಅಂತ ನಾನೂ ಕೈ ಹಾಕಂಗಿಲ್ಲ, ಹೆಂಗ್ಸು ಅಂತ ನೀನೂ ಕೈ ಹಾಕಂಗಿಲ್ಲ. ನನ್ ಕೊಬ್ರಿ ಯಾವ ರೇಟ್ಗೆ ಹೋಯ್ತು ಅಂತ ನಮ್ಮಿಬ್ರಿಗೂ ಗೊತ್ತಾಗಾಕಿಲ್ಲ. ಮತ್ಯಾಕವ್ವ ನೀನಿಲ್ಲಿ ಕುಂತಿರಾದು?"

ಆ ವಾರವೇ ಬೇಲೂರಿಗೆ ಹೋದೆ. ನಮ್ಮ ಇಲಾಖೆಯಲ್ಲಿ ಅಷ್ಟು ಮೇಲಕ್ಕೆ ಏರಿದ ಮೊದಲ ಹೆಂಗಸು ಅಲ್ಲಿದ್ದರು. ಓದುವ ಹುಡುಗಿಯರಿದ್ದ ಮನೆಗಳಲ್ಲೆಲ್ಲ ಆ ಮೇಡಂ ಹೆಸರು ಹೇಳಿ ಬುದ್ಧಿ ಹೇಳುತ್ತಿದ್ದರು. ನಾನೂ ಹಾಗೆ ಕೇಳಿಕೊಂಡೇ ಬೆಳೆದವಳು. ನನ್ನ ಪ್ರೊಬೇಷನ್ ವರದಿಯೂ ಕೊನೆಗೆ ಅವರ ಮೇಜಿಗೇ ಹೋಗಬೇಕಿತ್ತು. ಅವರು ಕಾಫಿ ಕೊಟ್ಟು, ನಿಪ್ಪಟ್ಟಿನ ತಟ್ಟೆ ಮುಂದಿಟ್ಟು, ಎಲ್ಲವನ್ನೂ ಕೇಳಿಸಿಕೊಂಡರು.

"ನೋಡಮ್ಮ, ನಾನು ಇಲ್ಲಿಗೆ ಬಂದಿದ್ದು ಹೇಗೆ ಗೊತ್ತಾ? ಕಂಡಿದ್ದನ್ನೆಲ್ಲ ಕಾಣಲಿಲ್ಲ ಅಂದುಕೊಂಡೆ. ನನ್ನೆದುರಿಗೇ ಹೆಂಗಸರ ಬಗ್ಗೆ ಏನೇನೋ ಆಡಿಕೊಂಡು ನಗ್ತಿದ್ರು, ನಾನೂ ನಕ್ಕೆ. ನೀನು ಮೊದಲು ಖಾಯಂ ಆಗು. ಕೆಲಸ ಗಟ್ಟಿ ಮಾಡ್ಕೋ. ಆಮೇಲೆ ಏನು ಬೇಕಾದ್ರೂ ಸರಿ ಮಾಡು."

"ಆಮೇಲೆ ನೀವು ಏನು ಸರಿ ಮಾಡಿದ್ರಿ ಮೇಡಂ?" ಎಂದು ಕೇಳಿದೆ. ಕುಹಕಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದು.

ಅವರು ತಟ್ಟೆಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ, "ಇನ್ನೊಂದು ತಗೋ" ಎಂದರು.

ಬಸ್ಸು ಹಳೇಬೀಡು ದಾಟಿದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನನ್ನ ಒಳ್ಳೆಯದಕ್ಕೇ ಹೇಳಿದ್ದರು, ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಒಬ್ಬಳು ಹೆಂಗಸು ಅಷ್ಟು ವರ್ಷ ನುಂಗಿಕೊಂಡು ಬಂದು, ಕೊನೆಗೆ ಚಿಕ್ಕವಳಿಗೆ ಕೊಡುವುದಕ್ಕೆ ಉಳಿದಿದ್ದು ನುಂಗುವ ವಿದ್ಯೆಯೊಂದೇ ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ಮುಂದಿನ ಸಂತೆಯ ದಿನ ಕುರ್ಚಿಯಲ್ಲಿ ಕೂರಲಿಲ್ಲ. ಮೊದಲ ರಾಶಿಯ ಹತ್ತಿರ ಆ ಹಿರಿಯ ದಲ್ಲಾಳಿಯೂ ಒಬ್ಬ ಖರೀದಿದಾರನೂ ಟವಲು ಹೊದಿಸಿಕೊಂಡು ನಿಂತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಟವಲಿನೊಳಗೆ ಕೈ ಹಾಕಿದೆ. ಇಬ್ಬರೂ ಕಾದ ಹಂಚು ಮುಟ್ಟಿದವರಂತೆ ಕೈ ಕಿತ್ತುಕೊಂಡರು. ಟವಲು ಕೊಬ್ಬರಿಯ ಮೇಲೆ ಬಿತ್ತು.

"ಏನ್ಲಾ ಇದು! ಮಾನ ಮರ್ಯಾದೆ ಐತೇನ್ಲಾ ಇವ್ಳಿಗೆ?" ಎಂದು ಖರೀದಿದಾರ ನನ್ನನ್ನು ಬಿಟ್ಟು ದಲ್ಲಾಳಿಯನ್ನು ಕೇಳಿದ.

"ವ್ಯಾಪಾರ ಮುಂದುವರಿಸಿ. ಟವಲು ಹಾಕಿದ ಕಡೆಯೆಲ್ಲ ನನ್ನ ಕೈ ಇರುತ್ತೆ" ಎಂದೆ.

ಅವತ್ತು ಮಂಡಿ ನಿಂತುಹೋಯಿತು. ಮುಂದಿನ ಸಂತೆಗಳಲ್ಲೂ ಟವಲು ಕಂಡಲ್ಲಿಗೆ ಹೋಗಿ ನಿಂತೆ. ಮೀಸೆ ತಿರುವುವ ಗಂಡಸರು ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬನಂತೂ, "ನಮ್ಮೋಳಿಗೆ ಗೊತ್ತಾದ್ರೆ ಮನೆಗೆ ಸೇರ್ಸಾಕಿಲ್ಲ ಕಣಮ್ಮೋ, ಬುಟ್ಬುಡು" ಎಂದು ಗೋಗರೆದ. ಕೊಬ್ಬರಿ ಎಷ್ಟು ದಿನ ಅಂತ ಬಿದ್ದಿರುತ್ತದೆ? ಬೇರೆ ದಾರಿಯಿಲ್ಲದೆ ಬೆಲೆ ಕೂಗತೊಡಗಿದರು. ಜಾವಗಲ್ಲಿನ ಹೆಂಗಸು ತನ್ನ ರಾಶಿಯ ಪಕ್ಕದಲ್ಲೇ ನಿಂತು, "ಇನ್ನೊಂದ್ಕಿತ ಕೂಗು, ಕೇಳಿಸ್ಲಿಲ್ಲ" ಎಂದು ಬೇಕೆಂದೇ ಎರಡೆರಡು ಸಲ ಕೂಗಿಸುತ್ತಿದ್ದಳು.

ಆದರೆ ನನ್ನ ಹೆಸರು ಬೀದಿಗೆ ಬಿತ್ತು. ಗಂಡಸರ ಕೈ ಹಿಡಿಯುವವಳು ಎಂದು ಅರಸೀಕೆರೆಯ ನಮ್ಮ ಬೀದಿಯ ನಲ್ಲಿಯವರೆಗೂ ಮಾತು ಬಂತು. ಅಮ್ಮ ಖಾಲಿ ಕೊಡ ಹಿಡಿದು ವಾಪಸು ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ಪ್ರೊಬೇಷನ್ ವರದಿಯಲ್ಲಿ "ನಡತೆ ತೃಪ್ತಿಕರವಾಗಿಲ್ಲ" ಎಂದು ಕಾರ್ಯದರ್ಶಿಗಳು ಬರೆದರು, ಬೇಲೂರಿನ ಮೇಡಂ ಅದರ ಕೆಳಗೆ ಸಹಿ ಹಾಕಿದರು. ನಾನು ಖಾಯಂ ಆಗುವುದು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಬಹಿರಂಗ ಹರಾಜು ತಂದ ದಕ್ಷ ಅಧಿಕಾರಿ ಎಂದು ಮಂಡಿಯಲ್ಲಿ ಶಾಲು ಹೊದಿಸಿಕೊಂಡವರೂ ಅದೇ ಕಾರ್ಯದರ್ಶಿಗಳು. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತೇನೆ.

ಆಮೇಲೆ ಹಳೇಬೀಡಿನ ಒಂದು ಶಾಲೆಯವರು ಹೆಣ್ಣುಮಕ್ಕಳಿಗೆ ಎರಡು ಒಳ್ಳೆಯ ಮಾತು ಹೇಳಿ ಎಂದು ಮೇಡಂ ಅವರನ್ನು ಕರೆದರು. ಜೊತೆಗೆ, ಮಂಡಿಯಲ್ಲಿ ಬೆಲೆ ಕೂಗಿಸಿದವಳೆಂದು ನನ್ನನ್ನೂ ಕರೆದರು. ಕಾರ್ಯದರ್ಶಿಗಳು ಬಂದು ಮುಂದಿನ ಸಾಲಿನಲ್ಲಿ ಗಣ್ಯರ ನಡುವೆ ಕೂತರು. ಮೇಡಂ ಮಾತಾಡುತ್ತಾ ನನ್ನ ಭುಜದ ಮೇಲೆ ಕೈ ಇಟ್ಟರು.

"ಇವಳನ್ನ ನೋಡಿ ಮಕ್ಕಳೇ. ಗಂಡಸರೇ ತುಂಬಿದ ಮಂಡಿಯಲ್ಲಿ ತಾಳ್ಮೆಯಿಂದ, ನಗುನಗುತ್ತಾ ಎಲ್ಲರ ಮನಸ್ಸು ಗೆದ್ದಳು. ಹೆಣ್ಣಿಗೆ ತಾಳ್ಮೆಯೇ ಬಲ."

ನಾನು ಎದ್ದುನಿಂತೆ. ಮೈಕು ಅವರ ಕೈಯಲ್ಲೇ ಇತ್ತು, ಹಾಗಾಗಿ ದನಿ ಎತ್ತಿ ಹೇಳಿದೆ: "ನಾನು ನಗಲಿಲ್ಲ. ತಾಳ್ಮೆಯೂ ಇರಲಿಲ್ಲ. ಸಿಟ್ಟು ಬಂದಿತ್ತು, ಹೋಗಿ ಟವಲಿನೊಳಗೆ ಕೈ ಹಾಕಿದೆ. ಯಾರ ಮನಸ್ಸನ್ನೂ ಗೆಲ್ಲಲಿಲ್ಲ."

ಹಿಂದಿನ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಈಗ ನಿಮ್ ಕೆಲ್ಸ ಖಾಯಂ ಆಯ್ತಾ ಮಿಸ್?"

"ಇಲ್ಲ. ತಡೆದಿದ್ದಾರೆ."

"ಬೆಲೆ ಕೂಗ್ಸೋದು ನಿಮ್ ಕೆಲ್ಸಾನೇ ಅಲ್ವಾ? ಅದನ್ನ ಮಾಡಿದ್ದಕ್ಕೆ ಯಾಕೆ ತಡೆದ್ರು?"

ನಾನು ಮೇಡಂ ಕಡೆ ನೋಡಿದೆ. ಅವರ ಕೈ ನನ್ನ ಭುಜದಿಂದ ಯಾವಾಗಲೋ ಇಳಿದಿತ್ತು, ಕಣ್ಣಲ್ಲಿ ನೀರಿತ್ತು. "ಅದನ್ನ ನನ್ನ ಕೇಳಬೇಡಮ್ಮ" ಎಂದು ಹುಡುಗಿಗೆ ಹೇಳಿದೆ. "ಬರೆದವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ."

ಹುಡುಗಿ ಬೆಂಚು ದಾಟಿ ಮುಂದೆ ಬಂದು, ಕಾರ್ಯದರ್ಶಿಗಳ ಎದುರು ನಿಂತು, ಪಾಠದಲ್ಲಿ ಅನುಮಾನ ಕೇಳುವಷ್ಟೇ ವಿನಯದಿಂದ ಅದೇ ಪ್ರಶ್ನೆ ಕೇಳಿದಳು. ಅವರು ಕೈಗಡಿಯಾರ ನೋಡಿಕೊಂಡರು. ಮುಖ್ಯೋಪಾಧ್ಯಾಯಿನಿ ಗಡಿಬಿಡಿಯಲ್ಲಿ ವಂದನಾರ್ಪಣೆ ಶುರುಮಾಡಿ, ಅತಿಥಿಗಳಿಗೆ, ಶಾಮಿಯಾನದವರಿಗೆ, ಮೈಕಿನವರಿಗೆ, ಎಲ್ಲರಿಗೂ ವಂದನೆ ಹೇಳಿ ಮುಗಿಸಿದರು. ಹುಡುಗಿ ಅಲ್ಲಿಂದ ಕದಲಲಿಲ್ಲ.