ಕೆಂಪು ದಾರದ ಕ್ರೇಟು

ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆಗೆ ಔಷಧ ದಾಸ್ತಾನಿನ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಅದರೊಳಗೆ ಮುಖ್ಯವಾದದ್ದು ಕೋಡಿನ ಒಂದು ಚಿಕ್ಕ ತುಣುಕು. ಔಷಧದ ಹೆಸರು ಕೊಟ್ಟರೆ ಸ್ಟೋರಿನಲ್ಲಿ ಎಷ್ಟಿದೆ ಎಂದು ಹೇಳುತ್ತದೆ, ಅಷ್ಟೇ.

ಮೊದಲ ದಿನವೇ ಸ್ಟೋರ್‌ಕೀಪರ್ ನನ್ನ ಮೇಲೆ ರೇಗಿದರು. ಕೆಟ್ಟುಹೋದ ಔಷಧವನ್ನು ಅವರು ಒಂದು ಕ್ರೇಟಿಗೆ ಹಾಕಿ ಕೆಂಪು ದಾರ ಕಟ್ಟಿಡುತ್ತಿದ್ದರು. ಕಂಪನಿಯವರು ಬಂದು ಒಯ್ಯುವವರೆಗೆ ಅದೂ ದಾಸ್ತಾನಿನಲ್ಲೇ ಇರುತ್ತಿತ್ತು.

"ಏನ್ರೀ ಇದು, ಹಾಳಾಗಿದ್ದನ್ನೂ ಸೇರಿಸಿ ತೋರಿಸ್ತೈತಲ್ರೀ! ಕಳದು ತೋರಸ್ರೀ."

ಕಳೆದೆ. ಟೀ ಆರುವುದರೊಳಗೆ ಮುಗಿಸಿಬಿಟ್ಟೆ. ಎಲ್ಲಿ ಕಳೆದೆ? ಅವರ ಕೌಂಟರಿನ ಪರದೆಯಲ್ಲಿ. ಆ ತುಣುಕಿನೊಳಗೆ ಕಳೆಯಬೇಕಿತ್ತು. ಪರದೆ ಕೈಗೆ ಹತ್ತಿರವಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮುಂದೆ ಸೊರಬದಲ್ಲಿ ಆ ಆಸ್ಪತ್ರೆಯದೇ ಶಾಖೆ ಶುರುವಾಯಿತು. ಅಲ್ಲಿಂದಲೂ ದಾಸ್ತಾನು ನೋಡುವಂತಾಗಲಿ ಎಂದರು ಮಾಲೀಕರು. ಹೊಸದಾಗಿ ಏನೂ ಬರೆಯಲಿಲ್ಲ, ಅದೇ ತುಣುಕನ್ನು ವೆಬ್ ಸರ್ವಿಸ್ ಆಗಿಯೂ ತೆರೆದಿಟ್ಟೆ. ಶಿಕಾರಿಪುರದವರು ಒಳಗಿಂದ ಕೇಳುತ್ತಾರೆ, ಸೊರಬದವರು ಇಂಟರ್‌ನೆಟ್‌ನಲ್ಲಿ ಕೇಳುತ್ತಾರೆ. ಒಂದೇ ಅಡುಗೆಮನೆ, ಎರಡು ಬಾಗಿಲು, ಊಟ ಅದೇ ಎಂದು ಮಾಲೀಕರ ಮುಂದೆ ಕೊಚ್ಚಿಕೊಂಡೆ.

ಸೊರಬದ ನರ್ಸಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಅವರು ಏನು ಬೇಕಾದರೂ ಸ್ಟೋರಿಗೆ ಫೋನ್ ಮಾಡುತ್ತಿದ್ದರು. "ಒಂಚೂರು ಎದ್ದು ನೋಡಿ ಹೇಳಿ ಮಾರಾಯ್ರೆ" ಎನ್ನುತ್ತಿದ್ದರು. ಒಮ್ಮೆ ಸೊರಬಕ್ಕೆ ಹೋದಾಗ ನಾನು ಎಲ್ಲರೆದುರೇ ನಕ್ಕೆ. "ಪರದೆ ಇರೋದು ಪೂಜೆ ಮಾಡೋಕಲ್ಲಮ್ಮ, ನೋಡೋಕೆ." ಅವರ ಮುಖ ಕೆಂಪಾಯಿತು. ಆಮೇಲೆ ಫೋನ್ ನಿಂತಿತು.

ಒಂದು ಮಧ್ಯಾಹ್ನ ನಾನು ಶಿಕಾರಿಪುರದ ಸ್ಟೋರಿನಲ್ಲಿ ಪ್ರಿಂಟರ್ ಸರಿಮಾಡುತ್ತ ಕೂತಿದ್ದೆ. ಸೊರಬದ ಶಾಖೆಯ ಆಂಬುಲೆನ್ಸ್ ಬಂತು. ಒಳಗೆ ಕುಬಟೂರಿನ ಹೆಂಗಸು, ಗದ್ದೆಯಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತ್ತು. ಸೊರಬದಲ್ಲಿದ್ದ ಮದ್ದನ್ನೆಲ್ಲ ಕೊಟ್ಟಾಗಿತ್ತು, ಇನ್ನೂ ಬೇಕಿತ್ತು. ಗಂಡ ಓಡಿಬಂದು ಕೌಂಟರಿನ ಮೇಲೆ ಚೀಟಿ ಇಟ್ಟ. ನರ್ಸಮ್ಮನ ಅಕ್ಷರ: ಹಾವಿನ ಇಂಜೆಕ್ಷನ್, ಶಿಕಾರಿಪುರ ಸ್ಟೋರ್, ಹದಿನಾಲ್ಕು.

ಸ್ಟೋರ್‌ಕೀಪರ್ ತಮ್ಮ ಪರದೆ ನೋಡಿದರು. ಸೊನ್ನೆ.

"ಇಲ್ಲಪ್ಪಾ, ಒಂದೂ ಇಲ್ಲ. ಯಾರು ಹೇಳಿದ್ರು ನಿಂಗೆ?"

"ಕಂಪ್ಯೂಟ್ರಲ್ಲಿ ಐತಂದ್ರು. ಸಾಗರ ಹತ್ರ ಆಗ್ತಿತ್ತು, ಇಲ್ಲಿ ಐತಂದಿದ್ದಕ್ಕೇ ಈ ಕಡೆ ಬಂದ್ವಿ."

ಹದಿನಾಲ್ಕು ಎಲ್ಲಿಂದ ಬಂತೆಂದು ಆ ಕ್ಷಣವೇ ತಿಳಿಯಿತು. ನಾನು ಕಳೆದದ್ದು ಈ ಪರದೆಯಲ್ಲಿ ಮಾತ್ರ, ಸೊರಬಕ್ಕೆ ಹಾಳಾದದ್ದೂ ಸೇರಿಯೇ ಹೋಗುತ್ತಿತ್ತು. ಮೂಲೆಯಲ್ಲಿ ಕೆಂಪು ದಾರದ ಕ್ರೇಟು ಇತ್ತು. ಫ್ರಿಜ್ ಕೆಟ್ಟಾಗ ಹಾಳಾದ ಹದಿನಾಲ್ಕು ಸೀಸೆಗಳು, ಒಳಗಿನ ಮದ್ದು ಕಲಕಿ ಬೆಳ್ಳಗಾಗಿತ್ತು. ಗಂಡನೂ ಲೇಬಲ್ ನೋಡಿದ. "ಅಲ್ಲೈತಲ್ರೀ! ಅದೇ ಅಲ್ವೇನ್ರೀ? ಕೊಡ್ರೀ!" ಎಂದು ಕ್ರೇಟಿಗೆ ಕೈಹಾಕಿದ. ಸ್ಟೋರ್‌ಕೀಪರ್ ಅವನ ಕೈ ಹಿಡಿದುಕೊಂಡರು.

ಊರಲ್ಲೆಲ್ಲ ಹುಡುಕಿ ಮದ್ದು ತರುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ಸಾಗರಕ್ಕೆ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಅವರು ಕೈ ತೊಳೆಯಲು ಹೋದರು.

ಕಳೆಯುವ ಆ ಸಾಲನ್ನು ಪರದೆಯಿಂದ ತೆಗೆದು ತುಣುಕಿನೊಳಗೆ ಹಾಕಿದೆ. ಈ ಸಲವೂ ಟೀ ಆರುವಷ್ಟು ಹೊತ್ತು ಸಾಕಾಯಿತು. ಮಾಲೀಕರ ಬಳಿ ತಪ್ಪು ನನ್ನದೇ ಎಂದೆ. ಇನ್ನೆಲ್ಲೂ ಹೇಳಬೇಡಿ ಎಂದರು. ಹೇಳಲಿಲ್ಲ. ಆ ಗಂಡನಿಗೂ ಹೇಳಲಿಲ್ಲ, ನಾನು ಹೇಡಿ.

ನರ್ಸಮ್ಮನಿಗಾದರೂ ಹೇಳೋಣವೆಂದು ಸೊರಬಕ್ಕೆ ಹೋದೆ. ಈಗ ಸರಿಯಾಗಿದೆ, ನೋಡಿ ಎಂದು ಪರದೆ ತೋರಿಸಿದೆ. ಹೊಸ ಮದ್ದು ಬಂದಿತ್ತು, ಹತ್ತು ಎಂದಿತ್ತು. ಅವರು ಪರದೆಯತ್ತ ತಿರುಗಲೂ ಇಲ್ಲ. ಫೋನ್ ತೆಗೆದು ಸ್ಟೋರಿಗೆ ಹಚ್ಚಿದರು.

"ಹಾವಿನ ಇಂಜೆಕ್ಷನ್ ಎಷ್ಟಿದೆ? ಇಲ್ಲ ಇಲ್ಲ, ಎದ್ದು ಹೋಗಿ ಕಣ್ಣಲ್ಲಿ ನೋಡಿ ಹೇಳಿ. ಕಾಯ್ತೀನಿ."

ಕಾದರು. ನಾನೂ ಕಾದೆ.

"ಹತ್ತಾ? ಸರಿ." ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಅವತ್ತೂ ಕೈಲಿ ಫೋನ್ ಎತ್ಕಂಡಿದ್ದೆ ಕಣ್ರೀ. ನೀವು ನಕ್ಕಿದ್ದು ನೆನಪಾಗಿ ಕೆಳಗಿಟ್ಟೆ."