ಬೆರಳಿಗೇನು ಮಾಡಿದಾರೆ?

ಬಸವನಗುಡಿಯಲ್ಲಿ ನಮ್ಮ ಪಕ್ಕದ ಮನೆಯ ವೀಣೆ ಟೀಚರಿಗೆ ಕಣ್ಣು ಕಾಣುತ್ತಿರಲಿಲ್ಲ. ಪಾಠ ಮುಗಿಸಿ ಸಂಜೆ ನನ್ನ ಜೊತೆ ಕುಸ್ತಿಯ ವಿಡಿಯೋ ಗೇಮಿಗೆ ಕೂರುತ್ತಿದ್ದರು. ಅವರ ಕೈಲಿ ಸೋತದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಹೊಸ ಕನ್ಸೋಲಿನ ಗ್ರಾಫಿಕ್ಸನ್ನು ನಾನು ಹೊಗಳಿದಾಗಲೆಲ್ಲ ಅವರದು ಒಂದೇ ಮಾತು: “ಕಣ್ಣಿಗೆ ಇಷ್ಟೆಲ್ಲಾ ಮಾಡಿದಾರೆ, ಸರಿ. ಬೆರಳಿಗೇನು ಮಾಡಿದಾರೆ?”

ಕಂಪನಿಯವರು ಮಾಡಲಿ ಅಂತ ಟೀಚರ್ ಕಾಯಲಿಲ್ಲ. ವೀಣೆಯ ದಂಡಿಯ ಮೇಲೆ ಹಿತ್ತಾಳೆಯ ಮೆಟ್ಟಿಲು ಕೂರಿಸುವ ಮೇಣವನ್ನೇ ಚೂರು ತೆಗೆದು, ಗುರುತಿಗೆಂದು ಬಟನ್‌ಗಳ ಮೇಲೆ ಅಂಟಿಸಿಕೊಂಡರು.

ಒಂದು ಸಂಜೆ ಆಟದ ನಡುವೆ ಟಿವಿಯಲ್ಲಿ ಚಿತ್ರ ಹೋಗಿ ಬರೀ ಶಬ್ದ ಉಳಿಯಿತು. ನಾನು ಆಡುವುದನ್ನು ನಿಲ್ಲಿಸಿದೆ. ಟೀಚರ್ ನಿಲ್ಲಿಸಲಿಲ್ಲ, ನನ್ನ ಪೈಲ್ವಾನನನ್ನು ಕೆಡವಿಯೇ ಬಿಟ್ಟರು.

“ಟೀಚರ್, ಇದು ಲೆಕ್ಕಕ್ಕಿಲ್ಲ! ಸ್ಕ್ರೀನ್ ಪೂರ್ತಿ ಕಪ್ಪಾಗಿದೆ.”

ಸೆರಗು ಸರಿಮಾಡಿಕೊಂಡು ಅಂದರು: “ನನಗೆ ದಿನಾ ಹಾಗೇ ಕಣೋ. ಆಡು.”