ಪಾಲಿಗೆ ಬಿದ್ದ ಬಂದೂಕು

ನಮ್ಮಪ್ಪನ ಬಂದೂಕು ನಡುವಿನ ತಿರುಪು ಬಿಚ್ಚಿದರೆ ಎರಡಾಗುತ್ತಿತ್ತು. ನಳಿಕೆ ಒಂದು, ಮರದ ಹಿಡಿ ಒಂದು. ಪಾಯಿಂಟ್ ಟೂಟೂ ರೈಫಲ್. ತೋಟಾ ಅಂದರೆ ಶೇಂಗಾ ಬೀಜಕ್ಕಿಂತ ಒಂಚೂರು ಉದ್ದ. ಹೊಲಕ್ಕೆ ಬರುವ ಹಂದಿ ಓಡಿಸಲಿಕ್ಕೆಂದು ಲೈಸೆನ್ಸ್ ಮಾಡಿಸಿದ್ದ. ಹಂದಿಗಳೇನೂ ಅದಕ್ಕೆ ಮರ್ಯಾದೆ ಕೊಟ್ಟವಲ್ಲ. ಅಪ್ಪ ಆಕಾಶಕ್ಕೆ ಹೊಡೆದರೆ 'ಟಪ್' ಅನ್ನುತ್ತಿತ್ತು. ಅವು ತಲೆಯೆತ್ತಿ ನೋಡಿ, ಓಹೋ ಯಜಮಾನ ಬಂದ ಅಂದುಕೊಂಡು ಮತ್ತೆ ಶೇಂಗಾ ಕೆದಕುತ್ತಿದ್ದವು. ಆದರೂ ಊರಿನವರ ಬಾಯಲ್ಲಿ ನಮ್ಮದು ಬಂದೂಕಿನ ಮನೆ.

ಅಪ್ಪ ಅದನ್ನು ಹಾರಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಹೆಚ್ಚು. ಬಿಡುವಿದ್ದಾಗ ಜಗುಲಿಯ ಮೇಲೆ ಕೂತು, ಹಳೇ ಪಂಚೆಯಲ್ಲಿ ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು, ಎರಡನ್ನೂ ಕೂಡಿಸಿ 'ಟಕ್' ಅನ್ನಿಸುತ್ತಿದ್ದ. ಒಲೆಯ ಮುಂದಿನಿಂದ ಅವ್ವ ಕೇಳುತ್ತಿದ್ದಳು: "ಕೂಡ್ತಾ?"

"ಕೂಡ್ತು."

"ಹಂಗಾರೆ ಏಳು, ಮುದ್ದೆ ಆರ್ತೈತೆ."

ತೊಂಬತ್ತರ ದಶಕದ ಕೊನೆಗೆ ನನ್ನ ಅಣ್ಣಂದಿರಿಬ್ಬರೂ ಬೇರೆಯಾದರು. ಕಾರಣ ಕೇಳಬೇಡಿ. ಬೋರಿನ ನೀರಿನಿಂದ ಶುರುವಾದದ್ದು ನಾಯಿಗೆ ಅನ್ನ ಹಾಕುವವರು ಯಾರು ಅನ್ನುವವರೆಗೆ ಹೋಯಿತು. ಹಿರಿಯರು ಕೂತರು. ಹೊಲ ಎರಡಾಯಿತು, ಜೋಡೆತ್ತು ಅತ್ತ ಒಂದು ಇತ್ತ ಒಂದಾಯಿತು, ನಡುಮನೆಗೆ ಗೋಡೆ ಬಂತು. ಆಮೇಲೆ ಹೆತ್ತವರು. ಅಪ್ಪ ದೊಡ್ಡಣ್ಣನ ಪಾಲಿಗೆ, ಅವ್ವ ಸಣ್ಣಣ್ಣನ ಪಾಲಿಗೆ. ಒಬ್ಬೊಬ್ಬರಿಗೆ ಒಂದೊಂದು ಹೊಟ್ಟೆ, ಲೆಕ್ಕ ಸರಿಹೋಯಿತಂತೆ! ನಾನು ಮೊಳಕಾಲ್ಮೂರಿಗೆ ಕೊಟ್ಟ ಮಗಳು. ನನಗೆ ಒಂದು ರೇಷ್ಮೆ ಸೀರೆ ಕೊಟ್ಟರು. ನೇಯುವ ಊರಿಗೇ ಸೀರೆ ಹೊತ್ತುಕೊಂಡು ಹೋದ ಪುಣ್ಯವಂತೆ ನಾನು.

ಕೊನೆಗೆ ಬಂದೂಕು ಉಳಿಯಿತು. ಇಬ್ಬರಿಗೂ ಅದೇ ಬೇಕು. ಆಂಧ್ರದ ಕಡೆಯಿಂದ ಬಂದಿದ್ದ ಸೋದರಮಾವ ಗಡ್ಡ ಕೆರೆದುಕೊಂಡು, "ಬಿಚ್ಚಿದ್ರೆ ರೆಂಡಾಗ್ತೈತಲ್ರಪ್ಪಾ, ತಲಾ ಒಂದು ತಗಳ್ರಿ," ಅಂದ. ಹಿರಿಯರೆಲ್ಲ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. "ಹಂದಿಗೂ ಹೇಳಿಕಳಿಸ್ರಿ, ಅರ್ಧರ್ಧ ಬರ್ಲಿ," ಅಂದೆ. ಹೆಣ್ಣುಮಕ್ಕಳಿಗೆ ಪಂಚಾಯ್ತಿ ಯಾಕೆ ಅಂತ ಬಾಯಿ ಮುಚ್ಚಿಸಿದರು.

ಅಪ್ಪ ಮಾತ್ರ ತಣ್ಣಗೆ ಹೇಳಿದ: "ನಮ್ಮಿಬ್ರನ್ನೇ ಹಂಚ್ಕಂಡ್ರಿ, ಅದೇನು ಮಹಾ? ಹಂಚ್ಕಳ್ರಲೇ."

ಹೊಸ ಬದು ಎಲ್ಲಿದೆ ಅಂತ ಹಂದಿಗಳಿಗೆ ಯಾರೂ ತೋರಿಸಿರಲಿಲ್ಲ. ಎರಡೂ ಹೊಲವನ್ನು ಭೇದವಿಲ್ಲದೆ ಮೇದವು. ಹೊತ್ತು ಮುಳುಗುತ್ತಲೇ ದೊಡ್ಡಣ್ಣ ಮರದ ಹಿಡಿಯನ್ನು ದೊಣ್ಣೆಯಂತೆ ಬೀಸುತ್ತ ಅತ್ತ ಓಡುತ್ತಿದ್ದ. ಸಣ್ಣಣ್ಣ ನಳಿಕೆಯಿಂದ ತಗಡಿನ ಡಬ್ಬ ಬಡಿಯುತ್ತ ಇತ್ತ. ಅಪ್ಪ ನಡುವಿನ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಅಂಗಿಯ ಜೇಬಿನಲ್ಲಿ ಅದೇ ಎಣ್ಣೆಯ ಬಾಟಲಿ.

"ಅದ್ಯಾಕಪ್ಪಾ ಇನ್ನೂ ಹೊತ್ಕಂಡು ತಿರುಗ್ತೀಯಾ?" ಅಂದೆ.

"ಯಾವತ್ತಾದ್ರೂ ಕೂಡ್ತಾರೆ ಕಣವ್ವಾ. ಅವತ್ತು ತಿರುಪು ಬಿಗಿಯಾಗಬಾರ್ದು."

ಅವನಿಗೆ ಬೇಕಾಗಿದ್ದು ಬಂದೂಕಲ್ಲ. ಗೋಡೆ ಬೀಳಬೇಕು, ಸಾಯುವುದರೊಳಗೆ ಅವ್ವನ ಕೈಯ ಮುದ್ದೆ ಮತ್ತೆ ಸಿಗಬೇಕು, ಅಷ್ಟೇ. ಕೇಳಿದರೆ ಯಾವ ಮಗನೂ ಇಲ್ಲ ಅನ್ನುತ್ತಿರಲಿಲ್ಲವೇನೋ. ಆದರೆ ಅವನು ಕೇಳುವ ಪೈಕಿ ಅಲ್ಲ.

ಆಮೇಲೆ ಚುನಾವಣೆ ಬಂತು. ಲೈಸೆನ್ಸ್ ಇದ್ದವರೆಲ್ಲ ಬಂದೂಕು ತಂದು ಠಾಣೆಯಲ್ಲಿ ಇಡಬೇಕು, ಇಲ್ಲದಿದ್ದರೆ ಲೈಸೆನ್ಸ್ ರದ್ದು ಅಂತ ಪೊಲೀಸರು ಹೇಳಿಕಳಿಸಿದರು. ತವರಿಗೆ ಬಂದಿದ್ದ ನಾನು ಅಪ್ಪನ ಜೊತೆ ಚಳ್ಳಕೆರೆಗೆ ಹೋದೆ. ದೊಡ್ಡಣ್ಣ ಹಿಡಿ ತಂದ, ಸಣ್ಣಣ್ಣ ಬೇರೆ ಬಸ್ಸಿನಲ್ಲಿ ನಳಿಕೆ ತಂದ. ಹೆಡ್ ಕಾನ್‌ಸ್ಟೇಬಲ್ ಮೇಜಿನ ಮೇಲಿನ ಎರಡು ಗಂಟುಗಳನ್ನು ನೋಡಿ, "ಯಜಮಾನ್ರೇ, ಅರ್ಧ ಬಂದೂಕಿಗೆ ರಸೀದಿ ಹೆಂಗ್ರೀ ಬರೀಲಿ? ಕೂಡಿಸಿ ಕೊಡ್ರಿ," ಅಂದರು.

ಅಪ್ಪ ಹಿಡಿಯನ್ನು ದೊಡ್ಡಣ್ಣನ ಕೈಗೆ, ನಳಿಕೆಯನ್ನು ಸಣ್ಣಣ್ಣನ ಕೈಗೆ ಕೊಟ್ಟ. "ನೀನು ಹಿಡ್ಕ. ನೀನು ತಿರುಗ್ಸು," ಅಂದ. ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡದೆ ಒತ್ತಿದರು. ಕೂಡಲಿಲ್ಲ. ನಳಿಕೆಗೆ ತುಕ್ಕು ಹತ್ತಿತ್ತು. ಅಪ್ಪ ಜೇಬಿನಿಂದ ಬಾಟಲಿ ತೆಗೆದು ಎಣ್ಣೆ ಬಿಟ್ಟ.

"ಲೇ, ಈ ಕಡೆ ವಾಲ್ಸೋ," ಅಂದ ದೊಡ್ಡಣ್ಣ.

"ನೀನು ಗಟ್ಟಿ ಹಿಡಿ ಮೊದ್ಲು," ಅಂದ ಸಣ್ಣಣ್ಣ.

ಎಷ್ಟೋ ಕಾಲದ ಮೇಲೆ ಅವರಾಡಿದ ಮಾತು! 'ಟಕ್' ಅಂತು. ಇಬ್ಬರೂ ನಕ್ಕೇಬಿಟ್ಟರು. ನನಗೆ ಅಳುವೇ ಬಂತು. ಅಷ್ಟರಲ್ಲಿ ಮಾತು ಬಿಟ್ಟಿರುವುದು ನೆನಪಾಯಿತು ಅಂತ ಕಾಣುತ್ತದೆ. ಒಬ್ಬ ಬಾಗಿಲಿಗೆ ಹೋದ, ಇನ್ನೊಬ್ಬ ಕಿಟಕಿಗೆ.

ಚುನಾವಣೆ ಮುಗಿಯಿತು, ಗೆದ್ದವರು ಗೆದ್ದರು. ಬಂದೂಕು ತಗೊಂಡು ಹೋಗಿ ಅಂತ ಠಾಣೆಯಿಂದ ಹೇಳಿಕಳಿಸಿದರು. ನನ್ನ ಪಾಲು ನಾನೇ ತರುತ್ತೇನೆ ಅಂತ ಇಬ್ಬರೂ ಅಪ್ಪನ ಮುಂದೆ ನಿಂತರು.

"ತಂದ್ರೆ ಬಿಚ್ತೀರಿ," ಅಂದ ಅಪ್ಪ. "ಅಲ್ಲೇ ಇರ್ಲಿ ಬಿಡ್ರಿ."

ಕೊನೆಯವರೆಗೂ ತರಲಿಲ್ಲ. ಅವನೂ ಡಬ್ಬ ಬಡಿದೇ ಹಂದಿ ಓಡಿಸಿದ. ಚಳ್ಳಕೆರೆಗೆ ಸಂತೆಗೆಂದು ಹೋದಾಗ ಮಾತ್ರ ಠಾಣೆಗೆ ಹೋಗಿ, ಹೆಡ್ ಕಾನ್‌ಸ್ಟೇಬಲ್‌ಗೆ ಕೈಮುಗಿದು, ಬಂದೂಕು ನೋಡಿ, ಎಣ್ಣೆ ಬಿಟ್ಟು ಬರುತ್ತಿದ್ದ. ಬಂದವನು ಚೀಲ ಇಳಿಸುವ ಮೊದಲೇ ಹಿತ್ತಲಿಗೆ ಹೋಗುತ್ತಿದ್ದ. ನಡುಮನೆಯಿಂದ ಬಂದ ಗೋಡೆ ಅಲ್ಲಿ ಎದೆಮಟ್ಟ ಇತ್ತು. ಆಚೆ ಅವ್ವ ಪಾತ್ರೆ ತೊಳೆಯುತ್ತಿರುತ್ತಿದ್ದಳು. ತಲೆಯೆತ್ತದೆ ಕೇಳುತ್ತಿದ್ದಳು: "ಕೂಡೈತಾ?"

"ಕೂಡೈತೆ."

ಆಮೇಲೆ ಅವನು ದೊಡ್ಡಣ್ಣನ ಮನೆಗೂ ಅವಳು ಸಣ್ಣಣ್ಣನ ಮನೆಗೂ ಉಣ್ಣಲು ಹೋಗುತ್ತಿದ್ದರು.